ದೂರದ ಚಾರಣಕ್ಕೆ ಸೋಲಾರ್ ಚಾರ್ಜರ್: ಯಾರಿಗೆ ಯಾವುದು, ಯಾರಿಗೆ ಬೇಕಾಗಿಯೇ ಇಲ್ಲ

"ಟ್ರೆಕ್ಕಿಂಗ್‌ಗೆ ಯಾವ ಸೋಲಾರ್ ಚಾರ್ಜರ್ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ದಿನ ಪ್ಲಗ್ ಪಾಯಿಂಟ್ ಸಿಗುವುದಿಲ್ಲ? ಹೋಗುತ್ತಿರುವುದು ಎಲ್ಲಿಗೆ? ಯಾವ ತಿಂಗಳು? ಇವಕ್ಕೆ ಉತ್ತರ ಕೊಡುವಷ್ಟರಲ್ಲಿ ಬಹಳ ಜನರಿಗೆ ಸೋಲಾರ್ ಬೇಡ, ಒಳ್ಳೆಯ ಪವರ್ ಬ್ಯಾಂಕ್ ಸಾಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನಿಜವಾಗಿ ಸೋಲಾರ್ ಬೇಕಾದವರೂ ಇದ್ದಾರೆ. ಅವರು ಹೆಚ್ಚಾಗಿ ಕೊಳ್ಳುವುದು ತಪ್ಪು ಸಾಮಾನನ್ನು. ಈ ಬರಹ ಇಬ್ಬರಿಗೂ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇವತ್ತು ಬೆಟ್ಟದಲ್ಲಿ ನಕಾಶೆ, ಟಾರ್ಚು, ಕ್ಯಾಮೆರಾ, ಅಪಾಯಕ್ಕೆ ಸಿಲುಕಿದಾಗ ಕರೆ ಮಾಡುವ ದಾರಿ, ಎಲ್ಲವೂ ಒಂದೇ ಫೋನು. ಹೊರದೇಶಗಳಲ್ಲಿ ಚಾರಣಿಗರು ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಜೊತೆಗಿಟ್ಟುಕೊಳ್ಳುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ತರುವಂತಿಲ್ಲ, ಬಳಸುವಂತೆಯೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಅದರೊಂದಿಗೆ ಸಿಕ್ಕಿಬಿದ್ದು ಪೊಲೀಸ್ ಕೇಸು ಎದುರಿಸಿದ ವಿದೇಶಿ ಪ್ರವಾಸಿಗರಿದ್ದಾರೆ. ಅಮೆರಿಕದಿಂದ ರಜೆಗೆ ಬಂದು ಹಾಗೇ ಹಿಮಾಲಯಕ್ಕೆ ಹೊರಡುವ ನಮ್ಮವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಾಗಾಗಿ ನಮಗೆ ಇಲ್ಲಿ ಫೋನಿನ ಬ್ಯಾಟರಿ ಉಳಿಸಿಕೊಳ್ಳುವುದು ಬರೀ ಫೋಟೋ ವಿಷಯ ಅಲ್ಲ, ಸುರಕ್ಷತೆಯ ವಿಷಯ.

ಮೊದಲು ಲೆಕ್ಕ

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಎಂಎಎಚ್ ಅನ್ನು ಸ್ವಲ್ಪ ಹೊತ್ತು ಮರೆತುಬಿಡಿ. ವ್ಯಾಟ್-ಅವರ್ (ಒಂದು ವ್ಯಾಟಿನಂತೆ ಒಂದು ಗಂಟೆ ಹರಿಯುವಷ್ಟು ಶಕ್ತಿ) ಲೆಕ್ಕ ಹಿಡಿದರೆ ಬ್ಯಾಟರಿ, ಪವರ್ ಬ್ಯಾಂಕ್, ಸೋಲಾರ್ ಪ್ಯಾನೆಲ್ ಮೂರನ್ನೂ ಒಂದೇ ಅಳತೆಯಲ್ಲಿ ತೂಗಬಹುದು. 5000 ಎಂಎಎಚ್ ಫೋನಿನಲ್ಲಿ ಸುಮಾರು 19 ವ್ಯಾಟ್-ಅವರ್ ಹಿಡಿಸುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 74. ಒಳಗಿನ ಸೆಲ್ 3.7 ವೋಲ್ಟಿನದು, ಅದರಿಂದ ಗುಣಿಸಿದರೆ ಬರುವ ಸಂಖ್ಯೆ ಇದು.

74ನ್ನು 19ರಿಂದ ಭಾಗಿಸಿ "ನಾಲ್ಕು ಸಲ ಫುಲ್ ಚಾರ್ಜ್" ಅಂತ ಎಣಿಸುವ ಹಾಗಿಲ್ಲ. 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಫೋನಿನೊಳಗೆ ಸೇರುವಾಗ ಇನ್ನೊಂದಿಷ್ಟು. ಕೊನೆಗೆ ಫೋನಿಗೆ ದಕ್ಕುವುದು 50 ವ್ಯಾಟ್-ಅವರ್ ಆಸುಪಾಸು, ಅಂದರೆ ಎರಡೂವರೆ ಸಲದ ಚಾರ್ಜು. ಪವರ್ ಬ್ಯಾಂಕಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ರೇಟೆಡ್ ಕೆಪಾಸಿಟಿ" ಅಂತ ಇನ್ನೊಂದು ಚಿಕ್ಕ ಸಂಖ್ಯೆ ಇರುತ್ತದೆ. ಕೊಳ್ಳುವಾಗ ಹೋಲಿಸಬೇಕಾದದ್ದು ಅದನ್ನು.

ಇನ್ನು ಖರ್ಚು. ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು, ಮೊದಲೇ ಇಳಿಸಿಕೊಂಡ ಆಫ್‌ಲೈನ್ ನಕಾಶೆ ಆಗಾಗ ನೋಡಿ, ಮನಸ್ಸಿಗೆ ಬಂದಷ್ಟು ಫೋಟೋ ತೆಗೆದರೆ ದಿನಕ್ಕೆ ಅರ್ಧ ಬ್ಯಾಟರಿ ಅಂತ ಇಟ್ಟುಕೊಳ್ಳಿ. ಸುಮಾರು 10 ವ್ಯಾಟ್-ಅವರ್. ಏರ್‌ಪ್ಲೇನ್ ಮೋಡ್ ಮರೆತರೆ ಮಾತ್ರ ಈ ಲೆಕ್ಕ ಪೂರ್ತಿ ಕೆಡುತ್ತದೆ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಫೋನು ಟವರ್ ಹುಡುಕುತ್ತಾ ಸುಮ್ನೆ ಬ್ಯಾಟರಿ ತಿಂದು ಹಾಕುತ್ತದೆ. ಕಾಶ್ಮೀರ, ಲಡಾಖ್‌ಗಳಲ್ಲಿ ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಕೆಲಸವನ್ನೇ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಪ್ರಿಪೇಯ್ಡ್ ಹಾಕಿಕೊಂಡು ಹೋದವರ ಫೋನು ಅಲ್ಲಿ ಇಡೀ ದಿನ ಹುಡುಕುತ್ತಲೇ ಇರುತ್ತದೆ.

ಈ ಎರಡನ್ನೂ ಸೇರಿಸಿ ನೋಡಿ. ಹೊರಡುವಾಗ ಫೋನು ಫುಲ್ ಇದ್ದರೆ ಎರಡು ದಿನ. 20,000ದ ಪವರ್ ಬ್ಯಾಂಕಿನಿಂದ ಮತ್ತೆ ಐದು ದಿನ. ಒಟ್ಟು ಒಂದು ವಾರ, ಅದೂ ಬಿಸಿಲನ್ನು ನಂಬಿಕೊಳ್ಳದೆ. ಅದರ ತೂಕ 350ರಿಂದ 450 ಗ್ರಾಂ.

ನಮ್ಮ ಪಶ್ಚಿಮ ಘಟ್ಟಕ್ಕೆ ಸೋಲಾರ್ ಬೇಕಾ?

ಬೇಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕುದುರೆಮುಖ, ಕುಮಾರ ಪರ್ವತ, ತಡಿಯಂಡಮೋಳ್ ಎಲ್ಲವೂ ಒಂದೆರಡು ದಿನದಲ್ಲಿ ಮುಗಿಯುವ ಚಾರಣಗಳು. 10,000 ಎಂಎಎಚ್‌ನ, 200 ಗ್ರಾಂ ತೂಕದ ಪವರ್ ಬ್ಯಾಂಕ್ ಧಾರಾಳವಾಗಿ ಸಾಕು. ದಿನ ಜಾಸ್ತಿ ಆದರೂ ಅಲ್ಲಿ ಪ್ಯಾನೆಲ್ ಉಪಯೋಗಕ್ಕೆ ಬರುವುದು ಕಷ್ಟ. ಶೋಲಾ ಕಾಡಿನೊಳಗೆ ನೆಲಕ್ಕೆ ಬೀಳುವ ಬಿಸಿಲು ಚೂರುಚೂರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಆಗುಂಬೆ ಕಡೆ ಸೂರ್ಯನ ಮುಖ ಕಾಣುವುದೇ ಅಪರೂಪ.

ಪ್ಯಾನೆಲ್ ಮೇಲೆ ಚೂರು ನೆರಳು ಬಿದ್ದರೆ ಚೂರೇ ನಷ್ಟ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪ್ಯಾನೆಲ್ಲಿನ ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಒಂದು ಸೆಲ್ಲನ್ನು ಎಲೆಯೊಂದು ಮುಚ್ಚಿದರೂ ಆ ಸರಣಿಯಲ್ಲಿ ಹರಿಯುವ ಕರೆಂಟು ಆ ಸೆಲ್ಲಿನ ಮಟ್ಟಕ್ಕೇ ಇಳಿಯುತ್ತದೆ. ಮರದ ಕೆಳಗೆ "ಸ್ವಲ್ಪ ಬಿಸಿಲು ಬರ್ತಾ ಇದೆಯಲ್ಲ" ಅಂತ ಪ್ಯಾನೆಲ್ ಹರಡಿಟ್ಟರೆ ಸಿಗುವುದು ಹೆಚ್ಚು ಕಡಿಮೆ ಸೊನ್ನೆ.

ಮೋಡದ ಕತೆ ಬೆಂಗಳೂರಿನ ಮಹಡಿಯ ಸೋಲಾರ್ ವಾಟರ್ ಹೀಟರ್ ಇದ್ದ ಹಾಗೆ. ಆಷಾಢದ ಮುಸುಕು ಹವೆಯಲ್ಲಿ ಬೆಳಕು ಎಷ್ಟೇ ಇದ್ದರೂ ನೀರು ಉಗುರು ಬೆಚ್ಚಗೆ ಮೀರುವುದಿಲ್ಲ, ಅಲ್ವಾ? ದಟ್ಟ ಮೋಡ ಕವಿದ ದಿನ ಪ್ಯಾನೆಲ್ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲು ಕೊಟ್ಟರೆ ಅದೇ ಹೆಚ್ಚು.

ಬೆನ್ನಿಗೆ ಪ್ಯಾನೆಲ್ ಅಂಟಿಸಿಕೊಂಡ ಪವರ್ ಬ್ಯಾಂಕ್

ಆನ್‌ಲೈನ್‌ನಲ್ಲಿ "ಸೋಲಾರ್ ಚಾರ್ಜರ್" ಅಂತ ಹುಡುಕಿದರೆ ಮೊದಲು ಬರುವುದೇ ಇದು. ಫೋನಿನ ಅಳತೆಯ ಪವರ್ ಬ್ಯಾಂಕ್, ಬೆನ್ನಿನ ಮೇಲೆ ಒಂದು ಕಪ್ಪು ಫಲಕ, ಪಕ್ಕದಲ್ಲಿ ಟಾರ್ಚು, ಜೊತೆಗೆ ದಿಕ್ಸೂಚಿ. ನೋಡಲು ಎಲ್ಲವೂ ಒಂದರಲ್ಲೇ ಸಿಕ್ಕಿದ ಹಾಗೆ ಕಾಣುತ್ತದೆ.

ಇದನ್ನು ತೂಗಿ ನೋಡುವುದಕ್ಕೆ ಒಂದು ಸರಳ ಸೂತ್ರ ಇದೆ. ಇದೊಂದನ್ನು ನೆನಪಿಟ್ಟರೂ ದುಡ್ಡು ಉಳಿಯುತ್ತದೆ. ನೆತ್ತಿಯ ಮೇಲಿನ ಒಳ್ಳೆಯ ಬಿಸಿಲಲ್ಲಿ ಒಂದು ಚದರ ಮೀಟರಿಗೆ ಬೀಳುವುದು ಸುಮಾರು 1000 ವ್ಯಾಟ್. ಒಳ್ಳೆಯ ಮೋನೋಕ್ರಿಸ್ಟಲಿನ್ ಸೆಲ್ ಅದರಲ್ಲಿ ಶೇಕಡಾ 20ರಿಂದ 23ರಷ್ಟನ್ನು ವಿದ್ಯುತ್ ಮಾಡುತ್ತದೆ. ಹಾಗಾಗಿ ಕಪ್ಪು ಸೆಲ್ ಇರುವ ಜಾಗದ ಉದ್ದ, ಅಗಲಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 50ರಿಂದ ಭಾಗಿಸಿ. ಬರುವ ಸಂಖ್ಯೆಯೇ ಹೆಚ್ಚು ಕಡಿಮೆ ಅದರ ಗರಿಷ್ಠ ವ್ಯಾಟ್.

ಈ ಪವರ್ ಬ್ಯಾಂಕಿನ ಬೆನ್ನು 14 ಸೆಂಟಿಮೀಟರ್ ಉದ್ದ, 7 ಅಗಲ ಅಂತ ಇಟ್ಟುಕೊಳ್ಳಿ. 98 ಚದರ ಸೆಂಟಿಮೀಟರ್. 50ರಿಂದ ಭಾಗಿಸಿದರೆ 2 ವ್ಯಾಟ್. ಅದೂ ಇಡೀ ಬೆನ್ನು ಸೆಲ್ಲೇ ಆಗಿದ್ದು, ನೇರ ಸೂರ್ಯನಿಗೆ ಮುಖ ಮಾಡಿದ್ದರೆ. ಸಾಮಾನ್ಯವಾಗಿ ಒಂದು, ಒಂದೂವರೆ ವ್ಯಾಟ್. ಒಳಗಿರುವ 74 ವ್ಯಾಟ್-ಅವರ್ ತುಂಬಲು ದಿನಕ್ಕೆ ಐದು ಗಂಟೆ ಕಡು ಬಿಸಿಲು ಸಿಕ್ಕಿದರೂ ಎರಡು ವಾರ ಬೇಕು. ಇಡೀ ದಿನ ಬಿಸಿಲಲ್ಲಿಟ್ಟು ಸಂಜೆ ಫೋನಿಗೆ ಹಚ್ಚಿದರೆ ಶೇಕಡಾ 20ರಷ್ಟು ಏರಿದರೆ ಹೆಚ್ಚು.

ಅದಕ್ಕಿಂತ ನನಗೆ ಜಾಸ್ತಿ ಚಿಂತೆ ಆಗುವುದು ಬಿಸಿಯ ವಿಷಯ. ಪ್ಯಾನೆಲ್‌ಗೆ ಬಿಸಿಲು ಬೇಕು, ಲಿಥಿಯಂ ಬ್ಯಾಟರಿಗೆ ನೆರಳು ಬೇಕು. ಸುಮಾರು 45 ಡಿಗ್ರಿ ದಾಟಿದರೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಬಂಡೆಯ ಮೇಲೆ ಬಿಸಿಲಿಗಿಟ್ಟ ಕಪ್ಪು ಡಬ್ಬಿ ಆ ಬಿಸಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಬ್ಯಾಟರಿಯ ಆಯಸ್ಸು ಕಮ್ಮಿಯಾಗುತ್ತದೆ. ಊದಿಕೊಂಡು ಅಪಾಯವೂ ಆಗಬಹುದು. ಒಂದಕ್ಕೊಂದು ಆಗದ ಎರಡು ವಸ್ತುಗಳನ್ನು ಅಂಟಿಸಿ ಮಾಡಿದ ಸಾಮಾನು ಇದು. ಅದೇ ದುಡ್ಡಿಗೆ ಪ್ಯಾನೆಲ್ ಇಲ್ಲದ, ಒಳ್ಳೆಯ ಸೆಲ್ ಇರುವ ಪವರ್ ಬ್ಯಾಂಕ್ ಬರುತ್ತದೆ. ಅದನ್ನೇ ತೆಗೆದುಕೊಳ್ಳಿ.

ಮಡಚುವ ಪ್ಯಾನೆಲ್: ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿಂದ

ಪುಸ್ತಕದಂತೆ ಮಡಚಿ ಬಿಚ್ಚುವ, ಒಳಗೆ ಬ್ಯಾಟರಿ ಇಲ್ಲದ, ಯುಎಸ್‌ಬಿ ತೂತು ಇರುವ ಪ್ಯಾನೆಲ್‌ಗಳಿವು. 5 ವ್ಯಾಟಿನಿಂದ 30 ವ್ಯಾಟಿನವರೆಗೆ ಬೆನ್ನಿಗೆ ಹೊರುವಂಥವು ಸಿಗುತ್ತವೆ. ಆಂಕರ್, ಬಿಗ್‌ಬ್ಲೂ, ಗೋಲ್ ಜೀರೋ, ಬಯೋಲೈಟ್ ಈ ಸಾಲಿನ ಪರಿಚಿತ ಹೆಸರುಗಳು. ಹೆಸರಿಗಿಂತ ಅಳತೆ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಲೇಬಲ್ಲಿನ ವ್ಯಾಟನ್ನು ಹೇಗೆ ಓದಬೇಕು ನೋಡೋಣ. 21 ವ್ಯಾಟ್ ಅಂತ ಬರೆದಿದ್ದರೆ ಅದು ಪ್ರಯೋಗಶಾಲೆಯ ಸಂಖ್ಯೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ಬಿಸಿ 25 ಡಿಗ್ರಿ, ಹೀಗೆ ಇಟ್ಟು ಅಳೆದದ್ದು. ನಿಜವಾದ ಬಿಸಿಲಲ್ಲಿ ಸೆಲ್ 60 ಡಿಗ್ರಿಯವರೆಗೂ ಕಾಯುತ್ತದೆ. 25ರ ಮೇಲೆ ಏರುವ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕುಸಿಯುತ್ತದೆ. ಅಂದರೆ 60 ಡಿಗ್ರಿಗೆ ಶೇಕಡಾ ಹತ್ತರಿಂದ ಹದಿನಾಲ್ಕರಷ್ಟು ಹೋಯಿತು. ಯುಎಸ್‌ಬಿ ವೋಲ್ಟೇಜಿಗೆ ಇಳಿಸುವ ಸರ್ಕ್ಯೂಟ್ ಇನ್ನಷ್ಟು ತಿನ್ನುತ್ತದೆ. ಮಟಮಟ ಮಧ್ಯಾಹ್ನ, ಸೂರ್ಯನಿಗೆ ಸರಿಯಾಗಿ ತಿರುಗಿಸಿಟ್ಟ 21 ವ್ಯಾಟಿನ ಪ್ಯಾನೆಲ್ ಕೈಗೆ ಕೊಡುವುದು 12ರಿಂದ 14 ವ್ಯಾಟ್. ಇದು ಮೋಸ ಅಲ್ಲ, ಭೌತಶಾಸ್ತ್ರ. ಲೇಬಲ್ಲಿನ ಮೂರನೇ ಎರಡರಷ್ಟು ಅಂತ ಲೆಕ್ಕ ಹಾಕಿಕೊಂಡರೆ ನಿರಾಸೆ ಆಗುವುದಿಲ್ಲ.

10 ವ್ಯಾಟಿನ ಹಗುರ ಪ್ಯಾನೆಲ್ ಒಬ್ಬರೇ ಹೋಗುವವರಿಗೆ, ಅದೂ ದಿನವಿಡೀ ಮೋಡವಿಲ್ಲದ ಆಕಾಶದ ಕೆಳಗೆ ನಡೆಯುವವರಿಗೆ ಸರಿ. ಮೋಡ ಬಂದರೆ ಅದು ಕೊಡುವ ಕರೆಂಟು ಎಷ್ಟು ಕಮ್ಮಿ ಅಂದರೆ ಪವರ್ ಬ್ಯಾಂಕ್ ಅದನ್ನು ಗುರುತಿಸುವುದೇ ಇಲ್ಲ. 20ರಿಂದ 28 ವ್ಯಾಟಿನವು 400ರಿಂದ 700 ಗ್ರಾಂ ತೂಗುತ್ತವೆ. ಬೆನ್ನಿಗೆ ಹೊರುವ ಮಟ್ಟಿಗೆ ಇದೇ ಸರಿಯಾದ ಅಳತೆ. ಒಬ್ಬರಿಗೆ 20ರ ಆಸುಪಾಸು, ಮೂರ್ನಾಲ್ಕು ಜನ ಹಂಚಿಕೊಂಡರೆ 28. ಅದಕ್ಕಿಂತ ದೊಡ್ಡದನ್ನು ಕುದುರೆಯೋ ಕಾರೋ ಹೊರುವುದಾದರೆ ಮಾತ್ರ ಯೋಚಿಸಿ.

ಈಗ ಪ್ಯಾನೆಲ್ಲಿಗೂ ಪವರ್ ಬ್ಯಾಂಕಿಗೂ ತೂಕದ ಪೈಪೋಟಿ. ಪ್ಯಾನೆಲ್ ಒಂದೇ ಇದ್ದರೆ ಸಾಲದು, ಹಗಲು ಸಿಕ್ಕಿದ್ದನ್ನು ತುಂಬಿಡಲು ಜೊತೆಗೊಂದು 10,000ದ ಪವರ್ ಬ್ಯಾಂಕ್ ಬೇಕೇ ಬೇಕು. ಎರಡೂ ಸೇರಿ 650 ಗ್ರಾಂ. ಅದಕ್ಕೆ ಬದಲು 20,000ದ ಎರಡು ಪವರ್ ಬ್ಯಾಂಕ್ ಹೊತ್ತರೆ 800 ಗ್ರಾಂ, ಒಬ್ಬರಿಗೆ ಹತ್ತು ಹನ್ನೆರಡು ದಿನ ಖಂಡಿತ. ಹತ್ತು ದಿನದೊಳಗಿನ ಪ್ರವಾಸಕ್ಕೆ ನಾನು ಆ 150 ಗ್ರಾಂ ಜಾಸ್ತಿ ಹೊತ್ತು ನಿಶ್ಚಿಂತೆಯನ್ನೇ ಆರಿಸುತ್ತೇನೆ. ದುಡ್ಡಿನಲ್ಲೂ ಅದೇ ಅಗ್ಗ. ಹತ್ತು ದಿನ ದಾಟಿತೋ, ಪ್ಯಾನೆಲ್ ಗೆಲ್ಲುತ್ತದೆ. ಹದಿನೈದು, ಇಪ್ಪತ್ತು ದಿನಕ್ಕೆ ಬೇರೆ ದಾರಿಯೇ ಇಲ್ಲ.

ಕ್ಯಾಮೆರಾ ಇರುವವರಿಗೆ ಒಂದು ಮಾತು. ಕ್ಯಾಮೆರಾ ಬ್ಯಾಟರಿಯನ್ನು ಸೋಲಾರಿನಿಂದ ತುಂಬಿಸುವ ಗೋಜಿಗೆ ಹೋಗುವ ಮೊದಲು ಇನ್ನೊಂದು ಬ್ಯಾಟರಿ ಕೊಳ್ಳಿ. ಸೋನಿ ಮಿರರ್‌ಲೆಸ್ ಕ್ಯಾಮೆರಾಗಳ ದೊಡ್ಡ ಬ್ಯಾಟರಿಯೊಂದರಲ್ಲಿ 16 ವ್ಯಾಟ್-ಅವರ್ ಇದೆ, ತೂಕ ನೂರು ಗ್ರಾಂ ಕೂಡ ಇಲ್ಲ. ಹಾಕಿದರೆ ಆಯಿತು, ನಡುವೆ ನಷ್ಟ ಇಲ್ಲ. ಲ್ಯಾಪ್‌ಟಾಪ್ ವಿಷಯ ಬೇರೆ. ಅದಕ್ಕೆ ಒಂದು ಸಲಕ್ಕೆ 50, 60 ವ್ಯಾಟ್-ಅವರ್ ಬೇಕು. ಮಡಚುವ ಸಣ್ಣ ಪ್ಯಾನೆಲ್‌ನಿಂದ ಆಗುವ ಕೆಲಸ ಅಲ್ಲ.

ಜಾಗ ಯಾವುದು ಅನ್ನುವುದೇ ಅರ್ಧ ಉತ್ತರ

ಬೆಂಗಳೂರಿನಿಂದ ಗುಂಪುಗುಂಪಾಗಿ ಹೋಗುವ ಕಾಶ್ಮೀರ ಗ್ರೇಟ್ ಲೇಕ್ಸ್ ಚಾರಣವನ್ನೇ ನೋಡಿ. ಸೋನಾಮಾರ್ಗ್‌ನಿಂದ ನಾರಾನಾಗ್‌ವರೆಗೆ, ವಿಷನ್‌ಸರ್, ಗಡ್‌ಸರ್, ಗಂಗಾಬಲ್ ಸರೋವರಗಳನ್ನು ದಾಟಿ ಒಂದು ವಾರ. ದಾರಿಯಲ್ಲಿ ಕರೆಂಟಿಲ್ಲ. ಹುಲ್ಲುಗಾವಲು, ತೆರೆದ ಆಕಾಶ. ಸೋಲಾರಿಗೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಆದರೆ ದಿನಚರಿ ನೋಡಿ. ಬೆಳಗಾಗುತ್ತಲೇ ನಡಿಗೆ ಶುರು, ಕ್ಯಾಂಪ್ ತಲುಪುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಅಷ್ಟು ಹೊತ್ತಿಗೆ ಬೆಟ್ಟಗಳ ಮೇಲೆ ಮೋಡ ಕಟ್ಟಲು ಶುರು. ಹಿಮಾಲಯದ ಬೇಸಿಗೆಯಲ್ಲಿ ಇದು ನಿತ್ಯದ ಮಾತು. ಒಳ್ಳೆಯ ಬಿಸಿಲು ಇರುವಾಗ ಪ್ಯಾನೆಲ್ ನಿಮ್ಮ ಬೆನ್ನಿನ ಮೇಲೆ ಅಲ್ಲಾಡುತ್ತಾ ಇರುತ್ತದೆ. ಅದನ್ನು ಬಿಡಿಸಿ ನೆಲಕ್ಕಿಡುವ ಹೊತ್ತಿಗೆ ಬಿಸಿಲು ಹೋಗಿರುತ್ತದೆ. ಒಂದು ವಾರದ ಈ ಚಾರಣಕ್ಕೆ 20,000ದ ಪವರ್ ಬ್ಯಾಂಕೇ ಸರಿ.

ಬ್ಯಾಗಿನ ಮೇಲೆ ಕಟ್ಟಿದ ಪ್ಯಾನೆಲ್ ಎಷ್ಟು ಕೊಡುತ್ತದೆ ಅನ್ನುವುದು ನೀವು ಯಾವ ದಿಕ್ಕಿಗೆ ನಡೆಯುತ್ತೀರಿ ಅನ್ನುವುದರ ಮೇಲೂ ನಿಂತಿದೆ. ಬೆಳಗ್ಗೆ ಪೂರ್ವಕ್ಕೆ ನಡೆದರೆ ಬೆನ್ನು ಪಶ್ಚಿಮಕ್ಕೆ, ಪ್ಯಾನೆಲ್ ನಿಮ್ಮದೇ ನೆರಳಿನಲ್ಲಿ. ಹಿಮಾಲಯದಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿ ಇರುವುದರಿಂದ ಉತ್ತರಕ್ಕೆ ನಡೆಯುವ ದಿನ ಮಾತ್ರ ಲಾಭ. ಒಟ್ಟಿನಲ್ಲಿ ನಡೆಯುವಾಗ ಸಿಗುವುದು ನಿಲ್ಲಿಸಿಟ್ಟಾಗ ಸಿಗುವುದರ ಮೂರನೇ ಒಂದು ಪಾಲು ಅಂತ ಇಟ್ಟುಕೊಳ್ಳಿ.

ಲಡಾಖ್ ಮಳೆಯ ನೆರಳಿನ ನಾಡು. ಲೇಹ್ ಇರುವುದೇ 3500 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಮೋಡ ಕಮ್ಮಿ, ಬಿಸಿಲು ಚುರುಕು. ತಂಪು ಹವೆಯಿಂದ ಪ್ಯಾನೆಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಾರ್ಖಾ ಕಣಿವೆಗೋ ಜಾನ್ಸ್ಕಾರ್ ಕಡೆಯ ಉದ್ದದ ಚಾರಣಗಳಿಗೋ ಹೋಗುವವರಿಗೆ ನಾನು ಧೈರ್ಯವಾಗಿ ಪ್ಯಾನೆಲ್ ತೆಗೆದುಕೊಂಡು ಹೋಗಿ ಅನ್ನುತ್ತೇನೆ. ಅದೇ ಲಡಾಖ್‌ನಲ್ಲಿ ಜನವರಿಯ ಚಾದರ್ ಚಾರಣಕ್ಕೆ ಬೇಡವೇ ಬೇಡ. ಹೆಪ್ಪುಗಟ್ಟಿದ ನದಿಯ ಮೇಲೆ, ಎತ್ತರದ ಕಮರಿಯ ತಳದಲ್ಲಿ ನಡೆಯುವ ದಾರಿ ಅದು. ಬಿಸಿಲು ಕೆಳಗೆ ಇಳಿಯುವುದು ಸ್ವಲ್ಪ ಹೊತ್ತು ಮಾತ್ರ. ಜೊತೆಗೆ ಇನ್ನೊಂದು ಅಪಾಯ: ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಂಡು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಅಲ್ಲಿ ಪವರ್ ಬ್ಯಾಂಕನ್ನು ಒಳಜೇಬಿನಲ್ಲಿಟ್ಟು, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಮೈಗೆ ತಾಗಿಸಿಕೊಂಡು ಮಲಗುವುದೇ ಉಪಾಯ.

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವವರ ಲೆಕ್ಕ ಇನ್ನೊಂದು ಥರ. ಎರಡು ವಾರದ ದಾರಿಯಾದರೂ ರಾತ್ರಿ ಉಳಿಯುವುದು ಟೀಹೌಸ್ ಅನ್ನುವ ಸಣ್ಣ ವಸತಿಗೃಹಗಳಲ್ಲಿ. ಅಲ್ಲಿ ದುಡ್ಡು ಕೊಟ್ಟರೆ ಚಾರ್ಜ್ ಆಗುತ್ತದೆ, ಮೇಲೆ ಹೋದಷ್ಟೂ ದರ ಏರುತ್ತದೆ. ಎರಡು ಪವರ್ ಬ್ಯಾಂಕ್ ಇಟ್ಟುಕೊಂಡು ಕೆಳಗಿನ ಊರುಗಳಲ್ಲಿ ತುಂಬಿಸಿಕೊಂಡರೆ ಮುಗಿಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇದೇ ಮಾತು. ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಟ್ರೇಲ್ ಸುಮಾರು 340 ಕಿಲೋಮೀಟರ್, ಮೂರು ವಾರದ ನಡಿಗೆ. ಮರ ಬೆಳೆಯುವ ಎತ್ತರವನ್ನೂ ಮೀರಿದ ಬೋಳು ಕಲ್ಲುಬೆಟ್ಟಗಳು, ಬೇಸಿಗೆಯಲ್ಲಿ ತಿಳಿ ಆಕಾಶ. ಪ್ಯಾನೆಲ್ ಅಲ್ಲಿ ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುತ್ತದೆ. ಪೂರ್ವ ಕರಾವಳಿಯ ಅಪಲಾಚಿಯನ್ ಟ್ರೇಲ್ ಬಹುಪಾಲು ಮರಗಳ ಕೆಳಗೇ ಸಾಗುತ್ತದೆ. ಅಲ್ಲಿ ಅದೇ ಪ್ಯಾನೆಲ್ ಬರೀ ಹೊರೆ.

ಸೂರ್ಯನ ಹಂಗಿಲ್ಲದ ದಾರಿಗಳು

ಬುಲೆಟ್, ಹಿಮಾಲಯನ್‌ನಂಥ ಬೈಕಿನಲ್ಲಿ ಲಡಾಖ್ ಸುತ್ತುವವರು ಸೋಲಾರ್ ಕೊಳ್ಳುವ ಅಗತ್ಯವೇ ಇಲ್ಲ. ಹ್ಯಾಂಡಲ್ಲಿಗೆ ಹಾಕಿಸುವ, ನೀರು ತಾಗದ 12 ವೋಲ್ಟ್ ಯುಎಸ್‌ಬಿ ಚಾರ್ಜರ್ ಸಾಕು. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಚಾರ್ಜು. ಕಾರಿನಲ್ಲಂತೂ ಕೇಳುವುದೇ ಬೇಡ.

ಸೈಕಲ್ಲಿನಲ್ಲಿ ತಿಂಗಳುಗಟ್ಟಲೆ ಸುತ್ತುವವರಿಗೆ ಡೈನಮೋ ಹಬ್ ಇದೆ. ಮುಂದಿನ ಚಕ್ರದ ನಡುವಿನ ಗುಂಬವೇ ಜನರೇಟರ್. ಸಾಧಾರಣ ವೇಗದಲ್ಲಿ 6 ವೋಲ್ಟ್, 3 ವ್ಯಾಟ್ ಕೊಡುತ್ತದೆ. 3 ವ್ಯಾಟ್ ಕಮ್ಮಿ ಅನ್ನಿಸಬಹುದು. ಆದರೆ ಮಳೆಯಲ್ಲೂ ರಾತ್ರಿಯಲ್ಲೂ ಬರುತ್ತದೆ, ದಿನಕ್ಕೆ ಆರು ಗಂಟೆ ತುಳಿದರೆ ಒಂದು ಫೋನಿನ ಖರ್ಚು ಕಳೆಯುತ್ತದೆ. ಕಡಿದಾದ ಏರಿನಲ್ಲಿ ನಿಧಾನ ತುಳಿಯುವಾಗ ಮಾತ್ರ ಏನೂ ಬರುವುದಿಲ್ಲ. ಶಿಮಾನೋ ಮತ್ತು ಜರ್ಮನಿಯ ಸೋನ್ ಹಬ್‌ಗಳು ಹೆಸರುವಾಸಿ. ಸೋನ್ ದುಬಾರಿ.

ಕಾಡಿನ ಅಂಚಿನ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಕೂತು ಹಕ್ಕಿಯನ್ನೋ ಕಪ್ಪೆಯನ್ನೋ ಅಧ್ಯಯನ ಮಾಡುವವರಿಗೆ ಇದ್ಯಾವುದೂ ಸಾಲದು. ಅಂಥವರು 60ರಿಂದ 100 ವ್ಯಾಟಿನ ಪ್ಯಾನೆಲ್, ಜೊತೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಪವರ್ ಸ್ಟೇಷನ್ (ದೊಡ್ಡ ಬ್ಯಾಟರಿ ಪೆಟ್ಟಿಗೆ) ತೆಗೆದುಕೊಳ್ಳಬೇಕು. ಈ ಬಗೆಯ ಬ್ಯಾಟರಿ ಸಾವಿರಾರು ಸಲ ತುಂಬಿ ಖಾಲಿಯಾದರೂ ತಾಳುತ್ತದೆ, ಬಿಸಿಗೂ ಹೆಚ್ಚು ಗಟ್ಟಿ. 250 ವ್ಯಾಟ್-ಅವರ್‌ನದು ಮೂರ್ನಾಲ್ಕು ಕೆಜಿ ತೂಗುತ್ತದೆ. ಜೀಪು ಹೋಗುವ ಜಾಗಕ್ಕೆ ಮಾತ್ರ.

ಕೊಳ್ಳುವಾಗ ಕಣ್ಣಿಡಬೇಕಾದ್ದು

ಪ್ಯಾನೆಲ್ಲೇ ಬೇಕು ಅಂತ ತೀರ್ಮಾನವಾದರೆ ಮೊದಲು 50ರ ಸೂತ್ರ ಹಾಕಿ. ಬಿಚ್ಚಿದಾಗ ಕಪ್ಪು ಸೆಲ್ಲುಗಳ ಒಟ್ಟು ಜಾಗ 1000 ಚದರ ಸೆಂಟಿಮೀಟರ್ ಇದ್ದು, ಮೇಲೆ "60 ವ್ಯಾಟ್" ಅಂತ ಬರೆದಿದ್ದರೆ ಅಲ್ಲೇ ವಾಪಸ್ ಇಟ್ಟುಬಿಡಿ. ಅದು 20 ವ್ಯಾಟಿನ ಪ್ಯಾನೆಲ್.

ಆಮೇಲೆ ಕೇಳಬೇಕಾದದ್ದು ಆಟೋ ರೀಸ್ಟಾರ್ಟ್ ಇದೆಯಾ ಅಂತ. ಮೋಡವೊಂದು ಹಾದು ಹೋದಾಗ ಕರೆಂಟು ಬೀಳುತ್ತದೆ. ಮೋಡ ಸರಿದ ಮೇಲೂ ಕೆಲವು ಫೋನುಗಳು ಅದೇ ಸಣ್ಣ ಕರೆಂಟಿನಲ್ಲೇ ಉಳಿದುಬಿಡುತ್ತವೆ, ಕೆಲವು ಚಾರ್ಜಿಂಗ್ ನಿಲ್ಲಿಸಿಯೇ ಬಿಡುತ್ತವೆ. ಒಳ್ಳೆಯ ಪ್ಯಾನೆಲ್ ತಾನೇ ಸಂಪರ್ಕ ಕಡಿದು ಮತ್ತೆ ಜೋಡಿಸುತ್ತದೆ. ಈ ತಾಪತ್ರಯ ತಪ್ಪಿಸಲು ಇನ್ನೂ ಒಳ್ಳೆಯ ದಾರಿ ಫೋನನ್ನು ಪ್ಯಾನೆಲ್ಲಿಗೆ ನೇರ ಹಚ್ಚದೇ ಇರುವುದು. ಹಗಲು ಪವರ್ ಬ್ಯಾಂಕ್ ತುಂಬಿಸಿ, ರಾತ್ರಿ ಅದರಿಂದ ಫೋನು ತುಂಬಿಸಿ. ಬಿಸಿಲಿಗಿಟ್ಟ ಫೋನು ಬಿಸಿಯೇರಿ ಚಾರ್ಜಿಂಗ್ ನಿಲ್ಲಿಸುವುದೂ ಆಗ ಇರುವುದಿಲ್ಲ.

ಮೇಲಿನ ಹೊದಿಕೆ ಇಟಿಎಫ್‌ಇ ಎಂಬ ಪ್ಲಾಸ್ಟಿಕ್ ಆಗಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಪಿಇಟಿ ಪ್ಲಾಸ್ಟಿಕ್ಕಿನ ಹೊದಿಕೆ ಬಿಸಿಲಿಗೆ ಮಸುಕಾಗಿ ಸಿಪ್ಪೆ ಏಳುತ್ತದೆ. ಎರಡು ಮೂರು ಯುಎಸ್‌ಬಿ ತೂತು ಇದ್ದ ಮಾತ್ರಕ್ಕೆ ಶಕ್ತಿ ಜಾಸ್ತಿ ಆಗುವುದಿಲ್ಲ, ಇರುವುದೇ ಹಂಚಿಹೋಗುತ್ತದೆ. ಕಟ್ಟಲು ನಾಲ್ಕು ಮೂಲೆಗೂ ದಾರ ತೂರಿಸುವ ಗಟ್ಟಿ ತೂತುಗಳಿರಲಿ.

ಪವರ್ ಬ್ಯಾಂಕಿನ ಕಡೆಯೂ ಒಂದು ನೋಟ ಬೇಕು. ಅದರ ಇನ್‌ಪುಟ್ 5 ವೋಲ್ಟ್, 2 ಆಂಪಿಯರ್ ಇದ್ದರೆ ಎಷ್ಟೇ ದೊಡ್ಡ ಪ್ಯಾನೆಲ್ ಹಚ್ಚಿದರೂ ಅದು ಎಳೆಯುವುದು 10 ವ್ಯಾಟ್ ಅಷ್ಟೇ. ಸ್ಮಾರ್ಟ್‌ವಾಚು, ಇಯರ್‌ಬಡ್ಡು ಹಚ್ಚಿದಾಗ ಕರೆಂಟು ತೀರಾ ಕಮ್ಮಿ ಅಂತ ತಾನೇ ಆಫ್ ಆಗುವ ಪವರ್ ಬ್ಯಾಂಕ್‌ಗಳಿವೆ. ಲೋ-ಕರೆಂಟ್ ಮೋಡ್ ಇರುವುದನ್ನು ನೋಡಿ ತನ್ನಿ. ಭಾರತದಲ್ಲಿ ಮಾರುವ ಪವರ್ ಬ್ಯಾಂಕಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಮೈಮೇಲೆ ಇಲ್ಲದಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಟೆಂಟಿನೊಳಗೆ ತಲೆಯ ಪಕ್ಕ ಇಟ್ಟುಕೊಂಡು ಮಲಗುವ ವಸ್ತು ಅದು.

ಕೇಬಲ್ಲು ಗಿಡ್ಡ ಮತ್ತು ದಪ್ಪ ಇರಲಿ. ಉದ್ದದ ತೆಳು ವೈರಿನಲ್ಲಿ ವೋಲ್ಟೇಜು ಬಿದ್ದುಹೋಗುತ್ತದೆ. ಸಾಧ್ಯವಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಒಂದು ಯುಎಸ್‌ಬಿ ಮೀಟರ್ ತಂದುಕೊಳ್ಳಿ. ವೋಲ್ಟ್, ಆಂಪಿಯರ್ ಎರಡೂ ತೋರಿಸುವ ಸಣ್ಣ ಸಾಧನ. ಹೊರಡುವ ಮುಂಚೆ ಮನೆಯ ತಾರಸಿಯಲ್ಲಿ ಒಂದು ಭಾನುವಾರ ಪ್ಯಾನೆಲ್ ಬಿಚ್ಚಿ, ಇದೇ ಪವರ್ ಬ್ಯಾಂಕು, ಇದೇ ಕೇಬಲ್ಲು ಹಚ್ಚಿ, ಬೆಳಗ್ಗೆಯಿಂದ ಸಂಜೆವರೆಗೆ ಎಷ್ಟು ಬಂತು ಬರೆದಿಡಿ. ನಿಮ್ಮ ಪ್ರವಾಸದ ಲೆಕ್ಕಕ್ಕೆ ಯಾವ ಡಬ್ಬಿಯ ಮೇಲಿನ ಸಂಖ್ಯೆಗಿಂತಲೂ ಅದು ಹೆಚ್ಚು ನಂಬಿಕೆಯದು.

ಅದೇ ದಿನ ತಿರುಗಿಸುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಪ್ಯಾನೆಲ್ಲಿನ ಮೇಲೆ ಒಂದು ಪೆನ್ನನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಅದರ ನೆರಳು ಮಾಯವಾಗುವವರೆಗೆ ಪ್ಯಾನೆಲ್ ವಾಲಿಸಿ. ಈಗ ಅದು ಸೂರ್ಯನಿಗೆ ನೇರ. ಮಕರ ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರಿನಲ್ಲೇ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ 34 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ಲೇಹ್‌ನಲ್ಲಿ 55 ಡಿಗ್ರಿ. ಅಲ್ಲಿ ಪ್ಯಾನೆಲ್ಲನ್ನು ನೆಲಕ್ಕೆ ಚಪ್ಪಟೆ ಹಾಸಿದರೆ ಹತ್ತಿರ ಹತ್ತಿರ ಅರ್ಧ ನಷ್ಟ. ಕ್ಯಾಂಪಿನಲ್ಲಿರುವಾಗ ಗಂಟೆಗೊಮ್ಮೆ ಎದ್ದು ತಿರುಗಿಸಿದರೆ ಸಾಕು. ಪವರ್ ಬ್ಯಾಂಕನ್ನು ಮಾತ್ರ ಪ್ಯಾನೆಲ್ಲಿನ ಹಿಂದಿನ ನೆರಳಿಗೆ ಸರಿಸಿಡಿ.

ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನೂ ಹೆಚ್ಚುವರಿ ಕ್ಯಾಮೆರಾ ಬ್ಯಾಟರಿಗಳನ್ನೂ ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ವಿಶೇಷ ಅನುಮತಿ ಬೇಕಿಲ್ಲ, ಅಂದರೆ 20,000 ಎಂಎಎಚ್‌ನದಕ್ಕೆ ತೊಂದರೆ ಇಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದರ ಮೇಲಿನವು, ಅಂದರೆ ಪವರ್ ಸ್ಟೇಷನ್‌ಗಳು, ಪ್ರಯಾಣಿಕರ ವಿಮಾನದಲ್ಲಿ ಹೋಗುವಂತಿಲ್ಲ. ಸಂಖ್ಯೆ ಅಳಿಸಿಹೋದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ತೆಗೆದಿರಿಸಿಕೊಳ್ಳಬಹುದು, ಹಾಗಾಗಿ ವ್ಯಾಟ್-ಅವರ್ ಸ್ಪಷ್ಟವಾಗಿ ಕಾಣುವಂಥದ್ದನ್ನೇ ಒಯ್ಯಿರಿ. ಬ್ಯಾಟರಿ ಇಲ್ಲದ ಮಡಚುವ ಪ್ಯಾನೆಲ್ಲಿಗೆ ಈ ಯಾವ ನಿರ್ಬಂಧವೂ ಇಲ್ಲ. ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆಗಳ ನಡುವೆ, ಸೆಲ್ಲುಗಳ ಮೇಲೆ ಭಾರ ಬೀಳದ ಹಾಗೆ ಇಟ್ಟರೆ ಆಯಿತು.